ಐವತ್ತು ರೂಪಾಯಿಗೆ ಎಷ್ಟು ಬಾರಕೋಲು?

ಬಸ್ ನಿಲ್ದಾಣದ ಹೋಟೆಲಿನಲ್ಲಿ ಇಬ್ಬರು ಕೂತು ಒಂದು ಪ್ಲೇಟು ಭಜಿ ತಿಂದು ಚಹಾ ಕುಡಿದು ಎದ್ದರೆ ಐವತ್ತು ರೂಪಾಯಿ ಮುರಿಯುತ್ತದೆ. ಅದೇ ಐವತ್ತು ರೂಪಾಯಿಯಲ್ಲಿ ಈ ದೇಶದಲ್ಲಿ ಇನ್ನೊಂದು ಕೆಲಸವೂ ಆಗುತ್ತದೆ. ಹೆಗಲ ಮೇಲೆ ಹುಣ್ಣಾದ ಎತ್ತಿಗೆ ನೊಗ ಹೂಡಬಹುದು, ಎಳೆಯಲಾರದಷ್ಟು ಹೇರಬಹುದು, ಅದು ದಾರಿಯಲ್ಲಿ ಮಂಡಿಯೂರಿದರೆ ಬಾಲ ತಿರುವಿ ಬಾರಕೋಲಿನಿಂದ ಬಾರಿಸಿ ಎಬ್ಬಿಸಬಹುದು. ಸಿಕ್ಕಿಬಿದ್ದರೆ ಮೊದಲ ಸಲದ ದಂಡ ಹತ್ತು ರೂಪಾಯಿಗಿಂತ ಕಡಿಮೆ ಇಲ್ಲ, ಐವತ್ತಕ್ಕಿಂತ ಮೇಲಿಲ್ಲ!

ಇದು ನಗೆಚಾಟಿಕೆಯಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಂ ಇದು. ಮೂರು ವರ್ಷದೊಳಗೆ ಅದೇ ಮನುಷ್ಯ ಮತ್ತೆ ಸಿಕ್ಕರೆ 25ರಿಂದ 100 ರೂಪಾಯಿ ದಂಡ, ಇಲ್ಲವೆ ಹೆಚ್ಚೆಂದರೆ ಮೂರು ತಿಂಗಳ ಸಜೆ, ಇಲ್ಲವೆ ಎರಡೂ. ಹೊಡೆಯುವುದು, ಒದೆಯುವುದು, ಮಿತಿಮೀರಿ ಹೇರುವುದು, ಗಾಯವಾದ ಪ್ರಾಣಿಯನ್ನು ದುಡಿಸುವುದು, ನೋವಾಗುವಂತೆ ಕಟ್ಟಿ ಸಾಗಿಸುವುದು, ಮೇವು ನೀರು ಕೊಡದೆ ಇಡುವುದು, ಕೆಲಸಕ್ಕೆ ಬಾರದಾದ ಮೇಲೆ ಬೀದಿಗೆ ಅಟ್ಟುವುದು, ಎಲ್ಲಕ್ಕೂ ಇದೇ ಧಾರಣಿ. ಕಿರಾಣಿ ಅಂಗಡಿಯಲ್ಲೂ ಸಕ್ಕರೆಗೆ ಒಂದು ದರ, ಬೆಲ್ಲಕ್ಕೆ ಒಂದು ದರ ಇರುತ್ತದೆ. ಕಾನೂನಿನ ಅಂಗಡಿಯಲ್ಲಿ ಮಾತ್ರ ಎಲ್ಲ ಮಾಲಿಗೂ ಒಂದೇ ರೇಟು.

ಕಾಯಿದೆ ಬಂದ ಕಾಲಕ್ಕೆ ಈ ದಂಡ ಇಷ್ಟು ಹಗುರ ಇರಲಿಲ್ಲ ಎಂಬುದನ್ನೂ ಹೇಳಬೇಕು. ಆಗ ಹೊಲದ ಕೂಲಿಯವನ ದಿನಗೂಲಿ ಒಂದು ರೂಪಾಯಿಯ ಆಸುಪಾಸಿನಲ್ಲಿತ್ತು. ಐವತ್ತು ರೂಪಾಯಿ ಎಂದರೆ ಅವನ ಒಂದೂವರೆ ತಿಂಗಳ ಬೆವರು. ಆರು ದಶಕ ದಾಟಿತು. ಕೂಲಿ ಏರಿತು, ಕಣಕಿಯ ಬೆಲೆ ಏರಿತು, ಹಿಂಡಿಯ ಬೆಲೆ ಏರಿತು, ಒಳ್ಳೆಯ ಖಿಲಾರಿ ಜೋಡಿಯ ಬೆಲೆ ಲಕ್ಷ ದಾಟಿತು. ಹೆಲ್ಮೆಟ್ ಇಲ್ಲದೆ ಬೈಕ್ ಹತ್ತಿದವನಿಗೆ ನಮ್ಮ ರಾಜ್ಯದಲ್ಲಿ 500 ರೂಪಾಯಿ ದಂಡ. ಎತ್ತಿನ ಚರ್ಮ ಸುಲಿಯುವಂತೆ ಹೊಡೆದವನಿಗೆ ಅದರ ಹತ್ತರಲ್ಲಿ ಒಂದು ಪಾಲು. ಮೂಕ ಪ್ರಾಣಿಗೆ ಮತ ಇಲ್ಲ, ಮೋರ್ಚಾ ತೆಗೆಯಲು ಬಾರದು, ಮನವಿ ಕೊಡಲು ಬಾರದು. ಹೀಗಾಗಿ ಅದರ ನೋವಿನ ಬೆಲೆ ಮಾತ್ರ 1960ರಲ್ಲಿ ನಿಂತದ್ದು ನಿಂತೇ ಇದೆ.

ದಿಲ್ಲಿಯ ಕಡತ ಎಲ್ಲಿಗೆ ಬಂತು?

ಈ ಕಾಯಿದೆ ತಾನಾಗಿ ಬಂದದ್ದಲ್ಲ. ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯರಾಗಿದ್ದಾಗ ಖಾಸಗಿ ಮಸೂದೆ ತಂದು ಹಟ ಹಿಡಿದರು. ಸರಕಾರವೇ ಕಾಯಿದೆ ತರುತ್ತದೆಂದು ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಹಿಂದಕ್ಕೆ ತೆಗೆದುಕೊಂಡರು. ಬ್ರಿಟಿಷರ 1890ರ ಕಾಯಿದೆಯ ಜಾಗದಲ್ಲಿ 1960ರದು ಬಂತು. 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿ ಹುಟ್ಟಿತು, ಅವರೇ ಮೊದಲ ಅಧ್ಯಕ್ಷೆ. ಒಬ್ಬ ಹೆಣ್ಣುಮಗಳು ಅಂದು ಮಾಡಿದಷ್ಟನ್ನು ಆಮೇಲಿನ ಸಂಸತ್ತುಗಳು ಮಾಡಿಲ್ಲ.

ಸುಪ್ರೀಂ ಕೋರ್ಟು 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದ ತೀರ್ಪು ಕೊಡುವಾಗ 11ನೇ ಕಲಮಿನ ದಂಡ ಸಾಲದು, ಸಂಸತ್ತು ತಿದ್ದುಪಡಿ ತರಬೇಕು ಎಂದು ಬಾಯಿಬಿಟ್ಟು ಹೇಳಿತು. ಎಂಟು ವರ್ಷ ಕಳೆದ ಮೇಲೆ, 2022ರ ನವೆಂಬರಿನಲ್ಲಿ, ಕೇಂದ್ರದ ಪಶುಸಂಗೋಪನೆ ಸಚಿವಾಲಯ ಒಂದು ಕರಡು ಮಸೂದೆಯನ್ನು ಜನರ ಮುಂದಿಟ್ಟು ಅಭಿಪ್ರಾಯ ಕೇಳಿತು. ಘೋರ ಹಿಂಸೆಗೆ 50 ಸಾವಿರದಿಂದ 75 ಸಾವಿರ ರೂಪಾಯಿ ದಂಡ, ಒಂದರಿಂದ ಮೂರು ವರ್ಷದ ಸಜೆ, ಕೊಂದರೆ ಐದು ವರ್ಷದ ತನಕ ಸಜೆ ಎಂದು ಅದರಲ್ಲಿತ್ತು. ಅಭಿಪ್ರಾಯ ಕೇಳಿದ್ದಾಯಿತು. ಕರಡು ಕರಡಾಗಿಯೇ ಉಳಿಯಿತು, ಕಾಯಿದೆಯಾಗಲಿಲ್ಲ. ನಮ್ಮ ಕಡೆ ಒಂದು ಮಾತಿದೆ: ಹೋಳಿಗಿ ಮಾಡತೀನಿ ಅಂದಾಕಿ ಹೂರಣಾನೂ ಹಾಕಲಿಲ್ಲ. ಹಾಗಾಯಿತು ಕಥೆ.

ದಿಲ್ಲಿಯ ಕಡೆ ಬೊಟ್ಟು ಮಾಡಿ ಬೆಂಗಳೂರು ತಪ್ಪಿಸಿಕೊಳ್ಳುವಂತಿಲ್ಲ. ಪ್ರಾಣಿ ಹಿಂಸೆ ತಡೆಯುವ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯವೂ ತಿದ್ದುಪಡಿ ತರಬಹುದು. ತಂದೂ ಇದೆ! ಕಂಬಳ ಮತ್ತು ಎತ್ತಿನ ಬಂಡಿ ಓಟ ನಡೆಯಲೆಂದು 2017ರಲ್ಲಿ ಇದೇ ಕೇಂದ್ರ ಕಾಯಿದೆಗೆ ಕರ್ನಾಟಕ ತಿದ್ದುಪಡಿ ಮಾಡಿತು. ಮೊದಲು ಸುಗ್ರೀವಾಜ್ಞೆ, ಆಮೇಲೆ ಮಸೂದೆ, ಆಮೇಲೆ ದಿಲ್ಲಿಯ ಮುದ್ರೆ, ಎಲ್ಲ ಚಕಚಕ ಆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಓಟ ಬೇಡ ಎಂದು ನಾವು ಹೇಳುತ್ತಿಲ್ಲ. ಎತ್ತನ್ನು ಓಡಿಸಲು ಬಂದ ಅವಸರ ಎತ್ತನ್ನು ಉಳಿಸಲು ಯಾಕೆ ಬರಲಿಲ್ಲ ಎಂದಷ್ಟೇ ಕೇಳುತ್ತೇವೆ.

ಫೌಜದಾರರ ಕೈ ಕಟ್ಟಿದವರಾರು?

ದಂಡ ಕಡಿಮೆ ಎಂಬುದು ಅರ್ಧ ಕಥೆ. ಇನ್ನರ್ಧ ಠಾಣೆಯಲ್ಲಿದೆ. ಎತ್ತನ್ನು ಹೊಡೆದು ಹಣ್ಣು ಮಾಡಿದ್ದನ್ನು ಕಂಡು ಯಾರೋ ಪುಣ್ಯಾತ್ಮರು ಠಾಣೆಗೆ ಹೋದರು ಎನ್ನಿ. ವಿಷ ಹಾಕಿ ಕೊಲ್ಲುವುದು, ಅಂಗ ಊನ ಮಾಡುವುದು ಮುಂತಾದ ಕೆಲವನ್ನು ಬಿಟ್ಟರೆ, ಈ ಕಾಯಿದೆಯ ಹೆಚ್ಚಿನ ಅಪರಾಧಗಳಲ್ಲಿ ಪೊಲೀಸರು ತಾವಾಗಿ ತನಿಖೆ ಆರಂಭಿಸುವಂತಿಲ್ಲ. ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕು. ಹೊಡೆತ, ಅತಿಭಾರ, ಉಪವಾಸ ಎಲ್ಲ ಈ ಸಾಲಿನವು. ಇನ್ನೂ ಒಂದು ಗಂಟು ಇದೆ. ಕೃತ್ಯ ನಡೆದ ಮೂರು ತಿಂಗಳೊಳಗೆ ಪ್ರಕರಣ ಕೋರ್ಟಿಗೆ ಹೋಗದಿದ್ದರೆ ಮುಂದೆ ಹೋಗುವ ದಾರಿಯೇ ಬಂದ್. ಐವತ್ತು ರೂಪಾಯಿ ದಂಡದ ಕೇಸಿಗೆ ಯಾವ ಹವಾಲ್ದಾರರು ಕೋರ್ಟಿನ ಕಟ್ಟೆ ಹತ್ತಿ ಇಳಿದಾರು? ಆ ಕಾಗದ ಬರೆದು ತಲುಪಿಸುವ ಖರ್ಚೇ ದಂಡಕ್ಕಿಂತ ಹೆಚ್ಚು. ಹೀಗಾಗಿ ಠಾಣೆಯಲ್ಲಿ ಒಂದೇ ಮಾತು: ಹೋಗ್ಲಿ ಬಿಡ್ರಿ, ಬುದ್ಧಿ ಹೇಳಿ ಕಳಸ್ತೀವಿ.

ಕಾನೂನಿನ ತಕ್ಕಡಿ ಎಷ್ಟು ಡೊಂಕಾಗಿದೆ ನೋಡಿ. ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ ಐದು ವರ್ಷದ ತನಕ ಸಜೆ ಇದೆ. 2024ರ ಜುಲೈ 1ರ ಮುಂಚೆ ಇದ್ದ ದಂಡಸಂಹಿತೆಯಲ್ಲಂತೂ ಹತ್ತು ರೂಪಾಯಿ ಬೆಲೆಯ ಪ್ರಾಣಿಗೆ ಒಂದು ಕಲಂ, ಐವತ್ತು ರೂಪಾಯಿ ಬೆಲೆಯದಕ್ಕೆ ಇನ್ನೊಂದು ಕಲಂ. ಆ ಕಲಮುಗಳು ಹುಟ್ಟಿದ್ದು ಒಬ್ಬನ ಆಸ್ತಿಗೆ ಇನ್ನೊಬ್ಬ ನಷ್ಟ ಮಾಡಿದ ಎಂಬ ಲೆಕ್ಕದಲ್ಲಿ. ಪ್ರಾಣಿಗೆ ನೋವಾಯಿತು ಎಂಬ ಲೆಕ್ಕ ಅಲ್ಲಿಲ್ಲ. ಅತ್ತ ನಮ್ಮ ರಾಜ್ಯದ 2020ರ ಗೋಹತ್ಯೆ ತಡೆ ಕಾಯಿದೆಯಲ್ಲಿ ಮೂರರಿಂದ ಏಳು ವರ್ಷ ಸಜೆ, ಒಂದು ಜಾನುವಾರಿಗೆ 50 ಸಾವಿರದಿಂದ 5 ಲಕ್ಷ ರೂಪಾಯಿ ದಂಡ. ಅಂದರೆ ಎತ್ತು ಸತ್ತ ದಿನ ಕಾನೂನು ಹುಲಿ. ಅದು ಬದುಕಿ ದುಡಿಯುವ ಹತ್ತು ಹನ್ನೆರಡು ವರ್ಷ ಕಾನೂನು ಇಲಿ. ಸಾವಿನ ಮೇಲೆ ಇಷ್ಟು ಕಣ್ಣೀರು ಸುರಿಸುವವರು ಅದರ ಬದುಕಿನ ಮೇಲೆ ಒಂದು ಹನಿ ಹಾಕಬಾರದೆ?

ನಮ್ಮ ನಾಲ್ಕು ತಾಲೂಕು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ. ಈಗ ಇವುಗಳಿಂದ ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ತಾಲೂಕುಗಳಾಗಿವೆ. ಬೋರ್ಡು ಬದಲಾದರೂ ಎತ್ತಿನ ಹೆಗಲು ಅದೇ. ಖಿಲಾರಿ ಎತ್ತು ಈ ನಾಡಿನ ಹೆಮ್ಮೆ. ಬಾಗೇವಾಡಿ ಬಸವಣ್ಣ ಹುಟ್ಟಿದ ಊರು, ಬಸವ ಎಂದರೆ ಎತ್ತೇ. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಝೂಲ ಹೊದಿಸಿ, ಹೋಳಿಗೆ ತಿನ್ನಿಸಿ ಕಾಲಿಗೆ ಬೀಳುತ್ತೇವೆ. ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಮಣ್ಣಿನ ಎತ್ತು ಮಾಡಿ ದೇವರ ಜಗಲಿಯ ಮೇಲಿಡುತ್ತೇವೆ. ಆ ಮಣ್ಣಿನ ಎತ್ತಿಗೆ ಸಿಗುವ ಮರ್ಯಾದೆ ಜೀವದ ಎತ್ತಿಗೆ ವರ್ಷದ ಉಳಿದ ದಿನ ಸಿಗುತ್ತಿದೆಯೆ?

ಕೇಂದ್ರ ಸರಕಾರದ 1965ರ ನಿಯಮಗಳನ್ನು ನಮ್ಮಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಬಂಡಿ ಎಳೆಯುವ, ಹೇರು ಹೊರುವ ಪ್ರಾಣಿಗಳಿಗಾಗಿಯೇ ಮಾಡಿದ ನಿಯಮಗಳವು. ದಿನಕ್ಕೆ ಒಂಬತ್ತು ತಾಸಿನ ಮೇಲೆ ದುಡಿಸಬಾರದು. ಒಂದೇ ಸಮ ಐದು ತಾಸಿನ ಮೇಲೆ ವಿಶ್ರಾಂತಿ ಇಲ್ಲದೆ ಎಳೆಸಬಾರದು. ಉಷ್ಣಾಂಶ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರ ತನಕ ಹೂಡಲೇಬಾರದು. ಮೊಳೆ ಬಡಿದ ಕೋಲು, ಮುಳ್ಳಿನ ಕಡಿವಾಣ ಬಳಸಬಾರದು. 350 ಕಿಲೋ ಮೇಲ್ಪಟ್ಟ ದೊಡ್ಡ ಎತ್ತೊಂದಕ್ಕೆ ಸಾದಾ ಗಾಲಿಯ ಬಂಡಿಯಲ್ಲಿ 900 ಕಿಲೋ, ಗಾಳಿ ತುಂಬಿದ ಟೈರಿನ ಬಂಡಿಯಲ್ಲಿ 1350 ಕಿಲೋ ಮಿತಿ, ಜೋಡಿಗೆ ಇದರ ಎರಡರಷ್ಟು. ಇದರಲ್ಲಿ ಬಂಡಿಯ ತೂಕವೂ ಸೇರಿತು. ಕತ್ತೆಯ ಬೆನ್ನ ಮೇಲೆ 50 ಕಿಲೋ ಮೀರಬಾರದು.

ಓದಿ ನಗು ಬರುತ್ತದೆಯೆ? ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಸೀಮೆಯ ಬಿಸಿಲು ನಾಲ್ವತ್ತು ಡಿಗ್ರಿ ದಾಟುವುದು ಬಸ್ಸಿಗೆ ಕಾಯುವ ಪ್ರತಿಯೊಬ್ಬರಿಗೂ ಗೊತ್ತು. ಮನುಷ್ಯ ನೆರಳು ಹುಡುಕಿ ಅಂಗಡಿಯ ತಗಡಿನ ಕೆಳಗೆ ನಿಲ್ಲುತ್ತಾನೆ. ಅದೇ ಹೊತ್ತಿಗೆ ಇಟ್ಟಂಗಿ ಹೇರಿದ ಕತ್ತೆ, ಉಸುಕು ತುಂಬಿದ ಬಂಡಿ ಡಾಂಬರು ರಸ್ತೆಯ ಮೇಲೆ ಹೋಗುತ್ತಿರುತ್ತದೆ. ನೋಡುತ್ತೇವೆ, ಪಾಪ ಅನ್ನುತ್ತೇವೆ, ಬಸ್ಸು ಬಂತೆಂದು ಓಡುತ್ತೇವೆ.

ಇನ್ನು ಕಬ್ಬಿನ ಹಂಗಾಮು. ಹೆಚ್ಚಿನ ಕಬ್ಬು ಈಗ ಟ್ರ್ಯಾಕ್ಟರಿನಲ್ಲೇ ಹೋಗುತ್ತದೆ, ಆದರೂ ಬಂಡಿಯ ಕಾಲ ಪೂರ್ತಿ ಮುಗಿದಿಲ್ಲ. ಟೈರಿನ ಬಂಡಿಗೆ ಆಳೆತ್ತರ ಕಬ್ಬು ಹೇರಿ ಏರು ಹತ್ತಿಸುವಾಗ ಎತ್ತಿನ ಕಣ್ಣು ಹೊರಗೆ ಬರುವುದನ್ನು ಕಂಡವರು ಮರೆಯಲಾರರು. ಇಲ್ಲಿ ಒಂದು ವಿಚಿತ್ರ ಇದೆ. ಬೇರೆ ಅಪರಾಧಕ್ಕೆ ಸಾಕ್ಷಿ ಹುಡುಕಬೇಕು. ಈ ಅಪರಾಧದ ಸಾಕ್ಷಿ ಕಾರಖಾನೆಯ ಬಾಗಿಲಲ್ಲೇ ಅಚ್ಚಾಗುತ್ತದೆ! ಒಳಗೆ ಹೋಗುವ ಪ್ರತಿ ಬಂಡಿಯೂ ಕಾಟಾ ಹತ್ತಬೇಕು, ಪ್ರತಿ ಬಂಡಿಗೂ ತೂಕದ ಚೀಟಿ ಬರುತ್ತದೆ. ಆ ಚೀಟಿಯ ಅಂಕಿಯನ್ನು 1965ರ ನಿಯಮದ ಅಂಕಿಯ ಪಕ್ಕದಲ್ಲಿಟ್ಟರೆ ಸಾಕು, ಪಂಚನಾಮೆ ಬೇಡ, ಪಂಚರು ಬೇಡ. ಮಿತಿಮೀರಿದ ಸಂಶಯ ಬಂದರೆ ಬಂಡಿಯನ್ನು ಕಾಟಾಕ್ಕೆ ಒಯ್ಯಿಸುವ ಅಧಿಕಾರವನ್ನೂ ನಿಯಮ ಪೊಲೀಸರಿಗೆ ಕೊಟ್ಟಿದೆ. ಆ ಅಧಿಕಾರಕ್ಕೆ ಧೂಳು ಹಿಡಿದಿದೆ.

ಸಂತೆಯ ಕಥೆ ಇನ್ನೊಂದು. 1978ರ ಸಾಗಣೆ ನಿಯಮದ ಪ್ರಕಾರ ಒಂದು ಸರಕು ಗಾಡಿಯಲ್ಲಿ ಆರಕ್ಕಿಂತ ಹೆಚ್ಚು ದನ ತುಂಬಬಾರದು. ಪಶುವೈದ್ಯರ ದಾಖಲೆ ಬೇಕು, ಜೊತೆಗೆ ನೋಡಿಕೊಳ್ಳುವವನೊಬ್ಬ ಬೇಕು. ದನದ ಸಂತೆ ಮುಗಿದ ಸಂಜೆ ನಮ್ಮ ಯಾವ ರಸ್ತೆಯಲ್ಲಿ ನಿಂತರೂ ಒಂದರ ಕೋಡು ಇನ್ನೊಂದರ ಹೊಟ್ಟೆಗೆ ತಾಗುವಂತೆ ತುಂಬಿದ ಗಾಡಿ ಕಾಣುತ್ತದೆ. ಟಂಟಂನಲ್ಲಿ ಕಾಲು ಕಟ್ಟಿ ಒಂದರ ಮೇಲೊಂದು ಒಗೆದ ಕುರಿ, ಸೈಕಲ್ ಮೋಟಾರಿನ ಹ್ಯಾಂಡಲಿಗೆ ತಲೆಕೆಳಗಾಗಿ ತೂಗುವ ಕೋಳಿ, ಇವು ನಮಗೆ ಸುದ್ದಿಯೇ ಅಲ್ಲ. ತಿನ್ನುವವರು ತಿನ್ನಲಿ, ಮಾರುವವರು ಮಾರಲಿ. ಕೊಯ್ಯುವ ಮೊದಲೇ ಹತ್ತು ಸಲ ಕೊಲ್ಲಬೇಕೆಂದು ಯಾವ ಧರ್ಮವೂ ಹೇಳಿಲ್ಲ, ಯಾವ ವ್ಯಾಪಾರಕ್ಕೂ ಅದರಿಂದ ಲಾಭವಿಲ್ಲ.

ರಕ್ತ ಕಂಡರೆ ಮಾತ್ರ ಸುದ್ದಿ

ಸುದ್ದಿ ಯಾವಾಗ ಆಗುತ್ತದೆ? 2021ರ ಸೆಪ್ಟೆಂಬರಿನಲ್ಲಿ ಶಿವಮೊಗ್ಗ ಜಿಲ್ಲೆಯ ಭದ್ರಾವತಿ ತಾಲೂಕಿನ ಒಂದು ಊರಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂತರೆಂಬ ದೂರು ಬಂದಾಗ ರಾಜ್ಯವೇ ಬೆಚ್ಚಿತು, ಕೆಲವರ ಬಂಧನವಾಯಿತು. 2025ರ ಜನವರಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೂರು ಹಸುಗಳ ಕೆಚ್ಚಲು ಕೊಯ್ದಾಗ ವಿಧಾನಸೌಧದ ತನಕ ಕೂಗೆದ್ದಿತು. ಕೂಗೇಳಲೇಬೇಕು, ತಪ್ಪಿಲ್ಲ. ಆದರೆ ವಾರ ಕಳೆದರೆ ಕೂಗು ಇಳಿಯಿತು. ಕಾಯಿದೆಯ 11ನೇ ಕಲಂ ಮಾತ್ರ ಹತ್ತು ರೂಪಾಯಿಯಿಂದ ಹನ್ನೊಂದಕ್ಕೂ ಏರಲಿಲ್ಲ. ಕೆಚ್ಚಲು ಕೊಯ್ದವನು ಊರಿಗೊಬ್ಬ ಸಿಗಬಹುದು, ಸಿಗದೆಯೂ ಇರಬಹುದು. ಹುಣ್ಣಿನ ಮೇಲೆ ನೊಗ ಇಡುವವರು, ಹಾಲು ಹಿಂಡಿಕೊಂಡು ಆಕಳನ್ನು ಕಸದ ತೊಟ್ಟಿಗೆ ಮೇಯಲು ಬಿಡುವವರು ಓಣಿಗೊಬ್ಬರಿದ್ದಾರೆ. ಕಾನೂನು ತಲುಪಬೇಕಾದದ್ದು ಅಲ್ಲಿಗೆ.

ದಂಡ ಯಾರ ತಲೆಯ ಮೇಲೆ?

ಹಾಗಾದರೆ ದಂಡವನ್ನು ಐವತ್ತು ಸಾವಿರಕ್ಕೆ ಏರಿಸಿಬಿಟ್ಟರೆ ಮುಗಿಯಿತೆ? ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು.

ಬಾರಕೋಲು ಹಿಡಿದವನನ್ನು ನೋಡಿ. ಬಹಳ ಸಲ ಬಂಡಿಯ ಸಾಲ ಅವನ ತಲೆಯ ಮೇಲಿರುತ್ತದೆ, ಎತ್ತಿನ ಸಾಲವೂ ಇರುತ್ತದೆ. ಕಬ್ಬು ಕಡಿಯಲು ಬಂದ ಟೋಳಿಯವನು ಮುಕಾದಮನಿಂದ ಮುಂಗಡ ತಿಂದಿರುತ್ತಾನೆ. ಟನ್ನಿನ ಲೆಕ್ಕದಲ್ಲಿ ಅವನಿಗೆ ಕೂಲಿ. ಒಂದು ಖೇಪಿನಲ್ಲಿ ಎಷ್ಟು ಹೆಚ್ಚು ಹೇರಿದರೆ ಅಷ್ಟು ಬೇಗ ಮುಂಗಡ ಹರಿಯುತ್ತದೆ. ಕಾರಖಾನೆಯ ಬಾಗಿಲಲ್ಲಿ ರಾತ್ರಿಯೆಲ್ಲ ಸರದಿ ಕಾಯಬೇಕು, ಎತ್ತಿನ ಜೊತೆ ಅವನೂ ಉಪವಾಸ. ಇಟ್ಟಂಗಿ ಭಟ್ಟಿಯ ಕತ್ತೆಯವನ ಪಾಡೂ ಇದೇ. ಅವನ ಕೈಯಲ್ಲಿ ಬಾರಕೋಲು ಇದೆ, ನಿಜ. ಅವನ ಬೆನ್ನ ಮೇಲೂ ಒಂದು ಬಾರಕೋಲು ಇದೆ, ಅದು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ.

ಐವತ್ತು ಸಾವಿರದ ದಂಡ ಇವನ ಮೇಲೆ ಬಿದ್ದರೆ ಏನಾಗುತ್ತದೆ? ಎತ್ತು ಮಾರಿ ದಂಡ ಕಟ್ಟುತ್ತಾನೆ. ಎತ್ತು ಇನ್ನೊಬ್ಬ ಮುಂಗಡದವನ ಕೈಗೆ ಹೋಗುತ್ತದೆ. ಎತ್ತಿನ ಹೆಗಲಿಗೂ ಸುಖವಿಲ್ಲ, ಇವನ ಮನೆಯ ಒಲೆಗೂ ಬೆಂಕಿಯಿಲ್ಲ. ಹೇರಿಸಿದ ಗುತ್ತಿಗೆದಾರ, ತೂಗಿ ಚೀಟಿ ಕೊಟ್ಟ ಕಾರಖಾನೆ, ಗಾಡಿ ತುಂಬಿಸಿದ ದಲಾಲ, ಮೂವರೂ ಕೈ ಝಾಡಿಸಿಕೊಂಡು ಹೋಗುತ್ತಾರೆ. ಈಗಿನ ಕಾಯಿದೆ ಪ್ರಾಣಿಯ ಮಾಲೀಕನನ್ನು ಹೊಣೆ ಮಾಡುತ್ತದೆ. ಮಾಲೀಕನಲ್ಲದೆ, ಕೋಲು ಹಿಡಿಯದೆ, ಹಿಂದೆ ನಿಂತು ಲಾಭ ತಿನ್ನುವವನ ಹೆಸರನ್ನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಆದ್ದರಿಂದ ನಮ್ಮ ಮಾತು ಇಷ್ಟೇ: ದಂಡ ಏರಲೇಬೇಕು, ಆದರೆ ಲಾಭ ಎಲ್ಲಿ ಏರುತ್ತದೆಯೋ ದಂಡವೂ ಅಲ್ಲಿಗೇ ಏರಬೇಕು. ಬಡವನ ಎತ್ತು ಮುಟ್ಟಿ, ಶ್ರೀಮಂತನ ಕಾಟಾ ಮುಟ್ಟದ ಕಾನೂನು ದಯೆಯ ಕಾನೂನಲ್ಲ.

ಕೇಳಿಬರುವ ಮಾತುಗಳು

ಈ ವಿಷಯ ಎತ್ತಿದರೆ ಕಟ್ಟೆಯ ಮೇಲೆ ಮೂರು ಮಾತು ಕೇಳುತ್ತವೆ.

ಮೊದಲನೆಯದು: ನಮ್ಮ ಎತ್ತು, ನಮ್ಮ ಬಂಡಿ, ನಿಮಗೇನ್ರಿ ತ್ರಾಸು? ರೈತ ತನ್ನ ಎತ್ತನ್ನು ಮಕ್ಕಳಂತೆ ಸಾಕುತ್ತಾನೆ ಎಂಬುದು ಸುಳ್ಳಲ್ಲ. ಮಗನಿಗೆ ಮೊದಲು ಎತ್ತಿಗೆ ನೀರು ಕುಡಿಸುವವರು ಇಂದಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಅಂಥವರಿಗೆ ಈ ಕಾನೂನಿನಿಂದ ಹೆದರಿಕೆ ಯಾಕೆ? ಕಳ್ಳನಿಗೆ ಕಾನೂನು ಇದ್ದರೆ ಸಾವುಕಾರನಿಗೆ ನಿದ್ದೆ ಕೆಡಬೇಕಿಲ್ಲ.

ಎರಡನೆಯದು: ದಂಡ ಹೆಚ್ಚಾದರೆ ಮಾಮೂಲು ಹೆಚ್ಚಾಗ್ತದ, ಅಷ್ಟ. ಈ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಸಂತೆಯಿಂದ ಎತ್ತು ಕೊಂಡು ಮನೆಗೆ ಒಯ್ಯುವ ರೈತನನ್ನೂ ರಸ್ತೆಯಲ್ಲಿ ತಡೆದು, ಅಧಿಕಾರವೇ ಇಲ್ಲದ ಮಂದಿ ಪ್ರಶ್ನೆ ಕೇಳುವ ಕಾಲ ಇದು. ಕಾನೂನು ಬಿಗಿಯಾದಷ್ಟೂ ಕೈ ಬಿಸಿ ಮಾಡಿಕೊಳ್ಳುವವರು ಹುಟ್ಟುತ್ತಾರೆ. ಅದಕ್ಕೆ ಮದ್ದು ಕಾನೂನು ಬೇಡ ಎನ್ನುವುದಲ್ಲ. ಯಾರು ಹಿಡಿಯಬೇಕು, ಏನು ನೋಡಿ ಹಿಡಿಯಬೇಕು, ರಸೀದಿ ಎಲ್ಲಿ ಕೊಡಬೇಕು ಎಂಬುದನ್ನು ಹಗಲಿನಷ್ಟು ಸ್ಪಷ್ಟ ಬರೆಯುವುದೇ ಮದ್ದು. ತೂಕದ ಚೀಟಿ ಮಾತಾಡಿದರೆ ಮಾಮೂಲಿಗೆ ಬಾಯಿ ಕಡಿಮೆ.

ಮೂರನೆಯದು: ಮನುಷ್ಯರಿಗೇ ನ್ಯಾಯ ಇಲ್ಲ, ದನಕ್ಕೆಲ್ಲಿಂದ? ಕೇಳಲು ಚಂದದ ಮಾತು. ಆದರೆ ಮೂಕಪ್ರಾಣಿಯ ಮೇಲೆ ಎತ್ತಿದ ಕೈ ಹೆಂಡತಿಯ ಮೇಲೂ ಏಳುತ್ತದೆ, ಕೂಲಿಯವನ ಮೇಲೂ ಏಳುತ್ತದೆ. ತಿರುಗಿ ಹೇಳಲಾರದವರ ಮೇಲೆ ಕೈ ಮಾಡುವುದು ಒಂದೇ ಚಟ. ಒಂದು ಕಡೆ ಅದನ್ನು ಮುರಿದರೆ ಇನ್ನೊಂದು ಕಡೆಯೂ ಸಡಿಲಾಗುತ್ತದೆ.

ಏನಾಗಬೇಕು?

ಆಳುವವರ ಮುಂದೆ ನಮ್ಮ ಬೇಡಿಕೆ ಉದ್ದವಿಲ್ಲ.

1. 11ನೇ ಕಲಮಿನ ದಂಡ ಸಾವಿರಗಳಿಗೆ ಏರಲಿ. ಅಪರಾಧ ನೋಡಿ ಮೆಟ್ಟಿಲು ಮೆಟ್ಟಿಲಾಗಿ ಏರಲಿ. ಅಜ್ಞಾನಕ್ಕೆ ಒಂದು ಮೆಟ್ಟಿಲು, ಲೋಭಕ್ಕೆ ಒಂದು, ಕ್ರೌರ್ಯಕ್ಕೆ ಒಂದು. ದಿಲ್ಲಿ ತಡ ಮಾಡಿದರೆ 2017ರಂತೆ ರಾಜ್ಯವೇ ತಿದ್ದುಪಡಿ ತರಲಿ.

2. ಹೇರಿಸಿದವನು, ತುಂಬಿಸಿದವನು, ತೂಗಿ ಒಳಗೆ ಬಿಟ್ಟವನು, ಎಲ್ಲರೂ ಕಾಯಿದೆಯಲ್ಲಿ ಹೊಣೆಗಾರರಾಗಲಿ.

3. ಗಂಭೀರ ಹಿಂಸೆಯಲ್ಲಿ ಪೊಲೀಸರು ತಾವಾಗಿ ಕೇಸು ದಾಖಲಿಸುವಂತಾಗಲಿ. ಮೂರು ತಿಂಗಳ ಗಡುವು ಒಂದು ವರ್ಷವಾದರೂ ಆಗಲಿ.

4. ತಪ್ಪಿತಸ್ಥನಿಂದ ಪ್ರಾಣಿಯನ್ನು ಬಿಡಿಸುವ ಅಧಿಕಾರ ಕೋರ್ಟಿಗೆ 29ನೇ ಕಲಮಿನಲ್ಲಿ ಈಗಲೇ ಇದೆ. ಆದರೆ ಬಿಡಿಸಿದ ಪ್ರಾಣಿ ಎಲ್ಲಿರಬೇಕು? ತಾಲೂಕಿಗೊಂದು ಆಸರೆ, ಮೇವು, ನೀರಿನ ವ್ಯವಸ್ಥೆ ಇಲ್ಲದಿದ್ದರೆ ಆ ಕಲಂ ಬರೀ ಶಾಯಿ.

ಇನ್ನು ಕಾಯಿದೆ ತಿದ್ದಲು ಕಾಯದೆ ಜಿಲ್ಲಾ ಆಡಳಿತ ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸಗಳಿವೆ. ಜಿಲ್ಲೆಗೊಂದು ಪ್ರಾಣಿ ಹಿಂಸೆ ತಡೆ ಸಂಘ ಇರಬೇಕೆಂದು 2001ರ ನಿಯಮವೇ ಹೇಳುತ್ತದೆ. ಆ ಸಂಘದ ಸಭೆ ಯಾವಾಗ, ಸದಸ್ಯರು ಯಾರು, ದೂರು ಎಲ್ಲಿ ಕೊಡಬೇಕು ಎಂಬುದನ್ನು ತಹಸೀಲ್ದಾರ ಕಚೇರಿಯ, ಬಸ್ ನಿಲ್ದಾಣದ ಗೋಡೆಯ ಮೇಲೆ ಬರೆಸಲಿ. ಹಂಗಾಮು ಶುರುವಾಗುವ ಮೊದಲು ಕಾರಖಾನೆಗಳವರನ್ನು ಕೂರಿಸಿ, ಮಿತಿಮೀರಿದ ಬಂಡಿಯ ತೂಕಕ್ಕೆ ಚೀಟಿ ಕೊಡಬಾರದೆಂದು ಹೇಳಲಿ. ಅಲ್ಲ, ಹೆಚ್ಚು ಹೇರಿದ ಭಾರಕ್ಕೆ ಕೂಲಿಯೇ ಇಲ್ಲ ಎಂದಾದರೆ ಯಾವನು ಹೆಚ್ಚು ಹೇರುತ್ತಾನೆ? ಅದರ ಜೊತೆಗೆ ಟನ್ನಿನ ಕೂಲಿ ಹೊಟ್ಟೆ ತುಂಬುವಷ್ಟು ಇರಬೇಕು, ಇಲ್ಲದಿದ್ದರೆ ಈ ಮಾತೂ ಬಡವನಿಗೇ ಬರೆ. ಬಾಗಿಲಲ್ಲಿ ಕಾಯುವ ಎತ್ತಿಗೆ ನೆರಳು, ದೋಣಿ ತುಂಬ ನೀರು ಇಡಿಸಲಿ. ಬೇಸಿಗೆಯ ಮಧ್ಯಾಹ್ನದ ಮೂರು ತಾಸಿನ ನಿಷೇಧವನ್ನು ಊರೂರಲ್ಲಿ ಡಂಗುರ ಹೊಡೆಸಲಿ. ದನದ ಸಂತೆಯ ಬಾಗಿಲಲ್ಲಿ ಪಶುವೈದ್ಯರೊಬ್ಬರು, ಪೊಲೀಸರೊಬ್ಬರು ನಿಂತು ಗಾಡಿಗೆ ಆರು ಎಂಬ ಲೆಕ್ಕ ನೋಡಲಿ. ಜಾತ್ರೆಗಳ ಬಂಡಿ ಓಟದ ಮಾತಿಗೆ ಬಂದರೆ, ನಿಯಮ ಪಾಲಿಸುವ ಹೊಣೆ ಜಿಲ್ಲಾಧಿಕಾರಿಗಳದೇ ಎಂದು 2023ರ ತೀರ್ಪಿನಲ್ಲಿದೆ. ಬಹುಮಾನ ಹಂಚಲು ವೇದಿಕೆ ಏರುವ ಗಣ್ಯರು ಇಳಿಯುವ ಮೊದಲು ಗೆದ್ದ ಎತ್ತಿನ ಬಾಲ, ಬೆನ್ನು ಒಂದು ಸಲ ನೋಡಿ ಇಳಿಯಲಿ.

ನಮ್ಮ ನಿಮ್ಮ ಪಾಲು

ಅಂಗಡಿಕಾರರೇ, ಒಂದು ಮಾತು ನಿಮಗೂ. ಕಟ್ಟೆಯ ಮೇಲಿನ ಕಾಯಿಪಲ್ಲೆಗೆ ಬಾಯಿ ಹಾಕಿದ ಬಿಡಾಡಿ ದನದ ಮೈಮೇಲೆ ಕಾದ ನೀರು ಚೆಲ್ಲುವುದು, ಮಲಗಿದ ನಾಯಿಗೆ ಕಾದೆಣ್ಣೆ ಎರಚುವುದು ವ್ಯಾಪಾರವಲ್ಲ, ಅಪರಾಧ. ಕೊಳೆತ ಮಾಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಒಗೆದರೆ ಆಕಳು ಗಂಟು ಸಮೇತ ನುಂಗುತ್ತದೆ. ಗಂಟು ಬಿಚ್ಚಿ ಸುರಿಯಲು ಎಷ್ಟು ಹೊತ್ತು ಬೇಕು? ಅಂಗಡಿಗೆ ಬಂದ ಸಾಮಾನಿನ ಬಂಡಿಯ ಎತ್ತಿಗೆ ಒಂದು ಬಕೆಟ್ ನೀರಿಟ್ಟರೆ ಗಲ್ಲೆ ಬರಿದಾಗುವುದಿಲ್ಲ.

ಬಸ್ಸಿಗೆ ಕಾಯುವ ಬಂಧುಗಳೇ, ದಾರಿಯಲ್ಲಿ ಬಿದ್ದ ಎತ್ತನ್ನು ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆದು ನಾಲ್ಕು ಮಂದಿಗೆ ಕಳಿಸಿ ಸುಮ್ಮನಾಗಬೇಡಿ. 1962ಕ್ಕೆ ಫೋನ್ ಮಾಡಿದರೆ ಪಶುಸಂಗೋಪನೆ ಇಲಾಖೆಯ ಸಂಚಾರಿ ಚಿಕಿತ್ಸಾ ವಾಹನವನ್ನು ಕರೆಯಬಹುದು, ಕಾಸು ಬೇಕಿಲ್ಲ. ಕಣ್ಣೆದುರೇ ಹಿಂಸೆ ನಡೆದಿದ್ದರೆ 112. ಬಂಡಿಯವನ ಮೇಲೆ ಕೈ ಮಾಡಬೇಡಿ, ಬೈಗುಳವೂ ಬೇಡ. ನೊಗ ಇಳಿಸಲು ಅವನಿಗೆ ಕೈ ಕೊಡಿ. ಯಾರ ಮಾಲು, ಯಾರು ಹೇರಿಸಿದರು ಎಂದು ಕೇಳಿ ಬರೆದುಕೊಳ್ಳಿ. ಠಾಣೆಯಲ್ಲಿ ಹೇಳಬೇಕಾದ ಹೆಸರು ಅದು.

ಮುಂದಿನ ಕಾರಹುಣ್ಣಿಮೆಗೆ ನಮ್ಮ ಶಾಸಕರು, ಸಂಸದರು ಎತ್ತಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುವುದು ಖಾತ್ರಿ. ಹಾಕಲಿ, ಬೇಡವೆನ್ನಲು ನಾವ್ಯಾರು? ಆ ಹಾರದ ಕೆಳಗೆ ಹೆಗಲ ಮೇಲೊಂದು ಹುಣ್ಣಿರುತ್ತದೆ. ಅದನ್ನು ಮುಟ್ಟಿ ನೋಡಿ, ವಿಧಾನಸಭೆಯಲ್ಲಿ, ಲೋಕಸಭೆಯಲ್ಲಿ ಒಂದೇ ಪ್ರಶ್ನೆ ಕೇಳಲಿ: ಈ ಹುಣ್ಣಿನ ಬೆಲೆ ಇನ್ನೂ ಐವತ್ತೇ ರೂಪಾಯಿಯೆ?